ಬ್ಲೈಂಡ್‌ಸ್ಪಾಟಿಂಗ್: ಊರು ಒಂದೇ, ಗೆಳೆಯರಿಬ್ಬರು, ಆದ್ರೆ ಊರು ಬದಲಾಗಿದ್ದು ಇಬ್ಬರಿಗೂ ಒಂದೇ ಥರ ಅಲ್ಲ

ಕಾಲಿನ್ ಅನ್ನೋ ಹುಡುಗನ ಪ್ರೊಬೇಷನ್, ಅಂದ್ರೆ ಷರತ್ತಿನ ಮೇಲೆ ಹೊರಗಿರೋ ಅವಧಿ, ಮುಗಿಯೋಕೆ ಇನ್ನು ಮೂರೇ ದಿನ ಬಾಕಿ. ಜೈಲಿಂದ ಬಂದು ಒಂದು ವರ್ಷ ಹಾಫ್‌ವೇ ಹೌಸಲ್ಲಿ, ಅಂದ್ರೆ ಜೈಲಿಂದ ಬಂದೋರನ್ನ ಕಣ್ಗಾವಲಲ್ಲಿ ಇಡೋ ಮನೇಲಿ, ಇದ್ದಾನೆ, ರಾತ್ರಿ 11ಕ್ಕೆ ಅಲ್ಲಿ ವಾಪಸ್ ಇರ್ಬೇಕು, ಯಾವ ತಂಟೆಗೂ ಹೋಗಂಗಿಲ್ಲ. ಅವನ ಜೀವದ ಗೆಳೆಯ ಮೈಲ್ಸ್‌ಗೆ ತಂಟೆ ಬಿಟ್ಟು ಬೇರೆ ಏನೂ ಬರಲ್ಲ. ಇಬ್ಬರೂ ಒಂದು ಪ್ಯಾಕರ್ಸ್ ಅಂಡ್ ಮೂವರ್ಸ್ ಥರದ ಕಂಪನಿಯಲ್ಲಿ ಕೆಲಸ ಮಾಡ್ತಾರೆ, ಮನೆ ಖಾಲಿ ಮಾಡೋರ ಸಾಮಾನು ಎತ್ತೋದು ಇಳಿಸೋದು. ಒಂದಿನ ರಾತ್ರಿ 11 ಗಂಟೆ ಮೀರೋ ಹೊತ್ತಲ್ಲಿ ಕಾಲಿನ್ ಟ್ರಕ್ ಓಡಿಸ್ಕೊಂಡು ಬರ್ತಾ ಸಿಗ್ನಲ್ಲಲ್ಲಿ ನಿಂತಿರ್ತಾನೆ, ಒಬ್ಬ ಕಪ್ಪು ಮನುಷ್ಯ ಪೊಲೀಸಿಂದ ತಪ್ಪಿಸ್ಕೊಂಡು ಓಡ್ತಾ ಅವನ ಮುಂದೆನೇ ಹಾದು ಹೋಗ್ತಾನೆ, ಹಿಂದಿಂದ ಬಂದ ಬಿಳಿ ಪೊಲೀಸ್ ಅವನಿಗೆ ಗುಂಡು ಹೊಡೀತಾನೆ. ಕಾಲಿನ್ ನೋಡಿದ್ದಾನೆ, ಪೊಲೀಸ್ ಮುಖನೂ ನೋಡಿದ್ದಾನೆ, ಆದ್ರೆ ಬಾಯಿ ಬಿಡಂಗಿಲ್ಲ, ಯಾಕಂದ್ರೆ ಆ ಹೊತ್ತಲ್ಲಿ ಅವನು ರೋಡಲ್ಲಿ ಇರೋದೇ ಪ್ರೊಬೇಷನ್ ಷರತ್ತು ಮುರಿದಂಗೆ.

ಇದು 2018ರಲ್ಲಿ ಬಂದ ಬ್ಲೈಂಡ್‌ಸ್ಪಾಟಿಂಗ್ ಅನ್ನೋ ಅಮೆರಿಕನ್ ಸಿನಿಮಾ. ಕಾಲಿನ್ ಪಾತ್ರ ಮಾಡಿರೋದು ಡೇವೀಡ್ ಡಿಗ್ಸ್, ಮೈಲ್ಸ್ ಪಾತ್ರ ರಫಾಯೆಲ್ ಕಸಾಲ್, ಕಥೆ ಬರೆದೋರೂ ಇವರಿಬ್ಬರೇ, ನಿಜ ಜೀವನದಲ್ಲೂ ಬರ್ಕ್ಲಿ ಹೈಸ್ಕೂಲಲ್ಲಿ ಓದಿದ ಹಳೇ ದೋಸ್ತಿಗಳು. ಡೈರೆಕ್ಟರ್ ಕಾರ್ಲೋಸ್ ಲೋಪೆಸ್ ಎಸ್ತ್ರಾದಾ, ಅವರಿಗೆ ಇದು ಮೊದಲ್ನೇ ಫೀಚರ್ ಫಿಲಂ. ಆ ವರ್ಷದ ಸನ್‌ಡಾನ್ಸ್ ಫೆಸ್ಟಿವಲ್ಲಿನ ಓಪನಿಂಗ್ ದಿನ ತೋರಿಸಿದ ಸಿನಿಮಾ. ಕಥೆ ಕೇಳಿದ್ರೆ ಸೀರಿಯಸ್ ಅನ್ಸತ್ತೆ, ಆದ್ರೆ ಮೊದಲ ಅರ್ಧ ಗಂಟೆ ನಗ್ತಾನೇ ಇರ್ತೀರ, ಆ ನಗು ಎಲ್ಲಿ ಗಂಟಲಲ್ಲಿ ಸಿಕ್ಕಾಕ್ಕೊಂಡ್ತು ಅಂತ ಗೊತ್ತೇ ಆಗಲ್ಲ.

ನಮ್ಮ ಕಡೆ ಈ ಸಿನಿಮಾ ನೋಡಿದೋರು ಸಾಮಾನ್ಯವಾಗಿ ಎರಡು ಥರ ಹೇಳ್ತಾರೆ. ಕೆಲವ್ರು ಇದು ಪೊಲೀಸ್ ದೌರ್ಜನ್ಯದ ಸಿನಿಮಾ, ಮಧ್ಯದಲ್ಲಿ ಊರು ದುಬಾರಿ ಆಗಿರೋ ಬಗ್ಗೆ ಜೋಕ್ಸ್ ಇದೆ ಅಂತಾರೆ. ಇನ್ನು ಕೆಲವ್ರು ಇದು ಜೆಂಟ್ರಿಫಿಕೇಶನ್ ಬಗ್ಗೆ, ಅಂದ್ರೆ ದುಡ್ಡಿರೋ ಹೊಸಬರು ಬಂದು ಬಡವರ ಏರಿಯಾ ದುಬಾರಿಯಾಗಿ ಹಳಬರು ಹೊರಗೆ ಹೋಗೋದರ ಬಗ್ಗೆ, ಪೊಲೀಸ್ ಕಥೆ ಒಂದು ಟ್ರ್ಯಾಕ್ ಅಷ್ಟೇ ಅಂತಾರೆ. ನನ್ನ ಪ್ರಕಾರ ಎರಡೂ ಬೇರೆ ಬೇರೆ ಅಲ್ವೇ ಅಲ್ಲ, ಸಿನಿಮಾ ಹೇಳೋಕೆ ಹೊರಟಿರೋದೇ ಅದನ್ನ: ಏರಿಯಾ ಬದಲಾದಾಗ ಮನೆ ಬಾಡಿಗೆ ಮಾತ್ರ ಬದಲಾಗಲ್ಲ, ಅಲ್ಲಿ ಯಾರು ಸ್ಥಳೀಯರು ಯಾರು ಹೊರಗಿನೋರು ಅನ್ನೋ ಲೆಕ್ಕನೇ ಉಲ್ಟಾ ಆಗತ್ತೆ, ಆ ಲೆಕ್ಕ ಹಾಕೋದು ಚರ್ಮದ ಬಣ್ಣ ನೋಡಿ. ಇದು ಅರ್ಥ ಆಗ್ಬೇಕಂದ್ರೆ ಸಿನಿಮಾ ನಡೆಯೋ ಓಕ್‌ಲ್ಯಾಂಡ್ ಅನ್ನೋ ಊರಿನ ಕಥೆ ಸ್ವಲ್ಪ ಗೊತ್ತಿರ್ಬೇಕು, ಇಲ್ಲಾಂದ್ರೆ ಅರ್ಧ ಜೋಕು ತಲೆ ಮೇಲೆ ಹೋಗತ್ತೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆ ಕಡೆ ದಡದಲ್ಲಿ ಇರೋದು ಓಕ್‌ಲ್ಯಾಂಡ್. ಅಲ್ಲಿನವ್ರು ಸ್ಯಾನ್ ಫ್ರಾನ್ಸಿಸ್ಕೋನ ದಿ ಸಿಟಿ ಅಂತಾರೆ, ತಮ್ಮ ಊರನ್ನ ದಿ ಟೌನ್ ಅಂತ ಹೆಮ್ಮೆಯಿಂದ ಕರ್ಕೊಳ್ತಾರೆ. 1869ರಲ್ಲಿ ಅಮೆರಿಕದ ಆ ತುದಿಯಿಂದ ಈ ತುದಿಗೆ ರೈಲು ಬಂದಾಗ ಕೊನೇ ಸ್ಟಾಪ್ ಓಕ್‌ಲ್ಯಾಂಡ್ ದಡದಲ್ಲೇ. ಆ ಕಾಲದ ಪುಲ್‌ಮನ್ ಸ್ಲೀಪರ್ ಬೋಗಿಗಳಲ್ಲಿ ಅಟೆಂಡರ್ ಕೆಲಸಕ್ಕೆ ಕಪ್ಪು ಗಂಡಸರನ್ನೇ ತಗೊಳ್ತಿದ್ರು, ಹಂಗಾಗಿ ರೈಲು ನಿಲ್ಲೋ ವೆಸ್ಟ್ ಓಕ್‌ಲ್ಯಾಂಡಲ್ಲಿ ಕಪ್ಪು ಕುಟುಂಬಗಳು ನೆಲೆಯಾದ್ವು. ಎರಡನೇ ಮಹಾಯುದ್ಧ ಬಂದಾಗ ಹಡಗು ಕಟ್ಟೋ ಯಾರ್ಡ್‌ಗಳಿಗೆ ಕೈಗಳು ಬೇಕಾಯ್ತು, ಲೂಯಿಸಿಯಾನಾ, ಟೆಕ್ಸಸ್, ಅರ್ಕನ್ಸಾ ಕಡೆಯಿಂದ ಜನ ಗುಂಪು ಗುಂಪಾಗಿ ಬಂದ್ರು. 1940ರಲ್ಲಿ ಊರಲ್ಲಿ ಕಪ್ಪು ಜನ ಸುಮಾರು 8 ಸಾವಿರ ಇದ್ರು, 1950ಕ್ಕೆ 47 ಸಾವಿರ. ಸೆವೆಂತ್ ಸ್ಟ್ರೀಟಲ್ಲಿ ಬ್ಲೂಸ್ ಕ್ಲಬ್ಬು, ಹೋಟ್ಲು, ಕಟಿಂಗ್ ಶಾಪು, ರಾತ್ರಿ ಎಲ್ಲಾ ಜಗಜಗ.

ಆದ್ರೆ ಈ ಜನ ಎಲ್ಲಿ ಬೇಕಾದ್ರೂ ಮನೆ ಮಾಡೋ ಹಂಗಿರ್ಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಅನ್ನೋ ಸಂಸ್ಥೆ ಊರೂರಿಗೆ ಮ್ಯಾಪ್ ಮಾಡಿಸ್ತು, ಓಕ್‌ಲ್ಯಾಂಡ್ ಮ್ಯಾಪು 1937ರದ್ದು. ಹಸಿರು ಬಣ್ಣ ಅಂದ್ರೆ ಒಳ್ಳೇ ಏರಿಯಾ, ಆಮೇಲೆ ನೀಲಿ, ಹಳದಿ, ಕೊನೇಲಿ ಕೆಂಪು, ಕೆಂಪು ಅಂದ್ರೆ ಅಪಾಯ. ಮನೆಗಳು ಎಷ್ಟು ಹಳೇದು, ರಿಪೇರಿ ಹೆಂಗಿದೆ ಅಂತ ಬರೆದ ಜೊತೆಗೇ ಅಲ್ಲಿ ನೀಗ್ರೋಗಳು, ಏಷ್ಯಾದವ್ರು ಎಷ್ಟಿದ್ದಾರೆ ಅಂತನೂ ಫಾರಂನಲ್ಲಿ ತುಂಬಿದ್ರು, ಅದೂ ಗ್ರೇಡ್ ಕೊಡೋಕೆ ಒಂದು ಕಾರಣ. ವೆಸ್ಟ್ ಓಕ್‌ಲ್ಯಾಂಡ್ ಪೂರ್ತಿ ಕೆಂಪು. ಸರ್ಕಾರದ ಗ್ಯಾರಂಟಿ ಇರೋ ಹೋಮ್ ಲೋನ್ ಕಪ್ಪು ಏರಿಯಾಗಳಿಗೆ ಸಿಗೋದು ಹೆಚ್ಚುಕಮ್ಮಿ ಬಂದ್ ಆಯ್ತು, ಇದಕ್ಕೇ ರೆಡ್‌ಲೈನಿಂಗ್ ಅನ್ನೋದು. ಇದರ ಮೇಲೆ ಬೇರೆ ಏರಿಯಾದ ಮನೆ ಪತ್ರಗಳಲ್ಲೇ ಈ ಮನೆಯನ್ನ ಬಿಳಿಯರಲ್ಲದೋರಿಗೆ ಮಾರಂಗಿಲ್ಲ ಅಂತ ಷರತ್ತು ಬರೆದಿರ್ತಿದ್ರು. 1948ರಲ್ಲಿ ಸುಪ್ರೀಂ ಕೋರ್ಟು ಅಂಥ ಷರತ್ತನ್ನ ಕೋರ್ಟುಗಳು ಜಾರಿ ಮಾಡಂಗಿಲ್ಲ ಅಂತು, ಮನೆ ಮಾರೋದ್ರಲ್ಲಿ ಬಾಡಿಗೆ ಕೊಡೋದ್ರಲ್ಲಿ ಜನಾಂಗ ನೋಡೋದನ್ನ ದೇಶಪೂರ್ತಿ ನಿಷೇಧ ಮಾಡೋಕೆ 1968 ಆಗ್ಬೇಕಾಯ್ತು.

ಲೋನ್ ಸಿಗದ ಕಡೆ ಮನೆ ರಿಪೇರಿ ಆಗಲ್ಲ, ರಿಪೇರಿ ಆಗದ ಕಡೆ ರೇಟು ಏರಲ್ಲ. ಹತ್ತಿಪ್ಪತ್ತು ವರ್ಷ ಬಿಟ್ಟು ಅದೇ ಸರ್ಕಾರ ಬಂದು ಇದು ಪಾಳು ಬಿದ್ದಿರೋ ಏರಿಯಾ ಅಂತ ಬೋರ್ಡ್ ಹಾಕಿ ಬುಲ್ಡೋಜರ್ ತಂತು. 1957ರಲ್ಲಿ ಸೈಪ್ರೆಸ್ ಅನ್ನೋ ಎರಡಂತಸ್ತಿನ ಫ್ರೀವೇ ವೆಸ್ಟ್ ಓಕ್‌ಲ್ಯಾಂಡನ್ನ ಎರಡು ಭಾಗ ಮಾಡ್ತು, 1989ರ ಭೂಕಂಪದಲ್ಲಿ ಕುಸಿದು 42 ಜನ ಸತ್ತಿದ್ದು ಇದೇ ರೋಡು. 1960ರಲ್ಲಿ ಪೋಸ್ಟ್ ಆಫೀಸ್ ಕಟ್ಟೋಕೆ ಬ್ಲಾಕ್‌ಗಟ್ಟಲೆ ಮನೆ ಕೆಡವಿದ್ರು, ಅದಕ್ಕೆ ಯುದ್ಧದ ಹಳೇ ಟ್ಯಾಂಕನ್ನೇ ತಂದಿದ್ರಂತೆ, ಮನೆ ಮೇಲೆ ಟ್ಯಾಂಕ್ ಹತ್ತಿಸೋದನ್ನ ಜನ ನಿಂತು ನೋಡ್ತಿದ್ರು. ಆಮೇಲೆ ಬಾರ್ಟ್ ಅನ್ನೋ, ಕೊಲ್ಲಿ ಸುತ್ತಲಿನ ಊರುಗಳ ಮೆಟ್ರೋ ಥರದ ರೈಲು ಬಂತು, ಅಂಡರ್‌ಗ್ರೌಂಡ್ ಹಾಕ್ದೆ ಸೆವೆಂತ್ ಸ್ಟ್ರೀಟಿನ ಮೇಲೇ ಕಂಬ ನೆಟ್ಟು ಎತ್ತರದಲ್ಲಿ ಓಡಿಸಿದ್ರು, ಕೆಳಗಿದ್ದ ಕ್ಲಬ್ಬುಗಳಿಗೆ ಸದ್ದೇ ಸಾವಾಯ್ತು. ಇದೇ ಊರಲ್ಲಿ 1966ರಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಸೇರಿ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಶುರು ಮಾಡಿದ್ರು, ಅವರ ಮೊದಲ ಕೆಲಸಗಳಲ್ಲಿ ಒಂದು ಪೊಲೀಸ್ ಗಾಡಿಗಳ ಹಿಂದೆ ಹೋಗಿ ಕಪ್ಪು ಜನರ ಜೊತೆ ಹೆಂಗೆ ನಡ್ಕೊಳ್ತಾರೆ ಅಂತ ಕಾವಲು ನಿಲ್ಲೋದು. ಮನೆ ಮತ್ತೆ ಪೊಲೀಸು, ಎರಡೂ ಇಲ್ಲಿ ಒಟ್ಟಿಗೇ ಬೆಳೆದಿರೋ ಸಮಸ್ಯೆ.

ಸರಿ, ಇಷ್ಟು ತುಳಿದ ಏರಿಯಾ ಇದ್ದಕ್ಕಿದ್ದಂಗೆ ದುಬಾರಿ ಹೆಂಗಾಯ್ತು? ತುಳಿದಿದ್ದಕ್ಕೇ ಆಯ್ತು. ನೀಲ್ ಸ್ಮಿತ್ ಅನ್ನೋ ಭೂಗೋಳಶಾಸ್ತ್ರಜ್ಞರು 1979ರಲ್ಲಿ ಇದನ್ನ ರೆಂಟ್ ಗ್ಯಾಪ್ ಅಂತ ವಿವರಿಸಿದ್ರು. ಒಂದು ಸೈಟಿಂದ ಈಗ ಬರ್ತಿರೋ ಆದಾಯ ಒಂದು ಕಡೆ, ಅದೇ ಸೈಟನ್ನ ಕೆಡವಿ ಕಟ್ಟಿ ಬೇರೆ ಜನಕ್ಕೆ ಕೊಟ್ರೆ ಬರಬಹುದಾದ ಆದಾಯ ಇನ್ನೊಂದು ಕಡೆ. ವರ್ಷಾನುಗಟ್ಟಲೆ ಯಾರೂ ದುಡ್ಡು ಹಾಕ್ದೆ ಬಿಟ್ರೆ ಮೊದಲ್ನೇದು ಇಳೀತಾ ಹೋಗತ್ತೆ, ಊರು ಸುತ್ತ ಬೆಳೆದಂಗೆ ಎರಡನೇದು ಏರ್ತಾ ಹೋಗತ್ತೆ, ನಡುವಿನ ವ್ಯತ್ಯಾಸ ಸಾಕಷ್ಟು ದೊಡ್ಡದಾದ ದಿನ ದುಡ್ಡು ಬಂದು ಬೀಳತ್ತೆ. ವೆಸ್ಟ್ ಓಕ್‌ಲ್ಯಾಂಡ್ ಬಾರ್ಟ್ ಸ್ಟೇಷನ್ನಲ್ಲಿ ರೈಲು ಹತ್ತಿದ್ರೆ ಏಳೆಂಟು ನಿಮಿಷಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಆಫೀಸ್ ಏರಿಯಾ. ಸೆವೆಂತ್ ಸ್ಟ್ರೀಟನ್ನ ಹಾಳು ಮಾಡಿದ ಅದೇ ರೈಲು ಹೊಸಬರಿಗೆ ಆ ಏರಿಯಾದ ಅತಿ ದೊಡ್ಡ ಆಕರ್ಷಣೆ ಆಯ್ತು.

1999ರಲ್ಲಿ ಮೇಯರ್ ಆದ ಜೆರಿ ಬ್ರೌನ್ ಡೌನ್‌ಟೌನಿಗೆ ಹೊಸದಾಗಿ 10 ಸಾವಿರ ಜನನ್ನ ತರ್ತೀನಿ ಅಂತ ಯೋಜನೆ ಹಾಕಿದ್ರು. 2008ರ ಆಸುಪಾಸಿನ ಹೋಮ್ ಲೋನ್ ಕುಸಿತದಲ್ಲಿ ಈಸ್ಟ್ ಮತ್ತೆ ವೆಸ್ಟ್ ಓಕ್‌ಲ್ಯಾಂಡಿನ ಮನೆಗಳು ಸಾಲು ಸಾಲಾಗಿ ಬ್ಯಾಂಕ್ ಪಾಲಾದ್ವು, ಒಂದು ಕಾಲಕ್ಕೆ ಯಾವ ಏರಿಯಾಗೆ ಲೋನ್ ಕೊಡಲ್ಲ ಅಂದಿದ್ರೋ ಅದೇ ಏರಿಯಾಗಳಿಗೆ ಆಮೇಲೆ ಕೆಟ್ಟ ಷರತ್ತಿನ ಲೋನ್ ತುರುಕಿದ್ರ ಫಲ ಅದು. ಆ ಮನೆಗಳನ್ನ ಇನ್ವೆಸ್ಟರ್‌ಗಳು ಕಮ್ಮಿ ರೇಟಿಗೆ ಬಾಚ್ಕೊಂಡ್ರು. ಇನ್ನೊಂದು ಕಡೆ ಟೆಕ್ ಕಂಪನಿಗಳ ಸಂಬಳಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಬಾಡಿಗೆ ಮುಗಿಲಿಗೆ ಹೋಗಿ ಜನ ಸೇತುವೆ ದಾಟಿ ಈ ಕಡೆ ಬರೋಕೆ ಶುರು ಮಾಡಿದ್ರು. 2013ರ ಡಿಸೆಂಬರಲ್ಲಿ ವೆಸ್ಟ್ ಓಕ್‌ಲ್ಯಾಂಡ್ ಬಾರ್ಟ್ ಹತ್ರ ಪ್ರತಿಭಟನೆ ಮಾಡ್ತಿದ್ದೋರು ಗೂಗಲ್ ಉದ್ಯೋಗಿಗಳ ಬಸ್ಸಿನ ಗ್ಲಾಸ್ ಒಡೆದ್ರು ಅಂದ್ರೆ ಸಿಟ್ಟು ಎಲ್ಲಿಗೆ ಮುಟ್ಟಿತ್ತು ನೋಡಿ.

ಇಲ್ಲಿ ಒಂದು ಕಾನೂನಿನ ವಿಷಯ ಹೇಳ್ಲೇಬೇಕು, ಸಿನಿಮಾ ಇದನ್ನ ಬಾಯಿ ಬಿಟ್ಟು ಹೇಳಲ್ಲ. ಓಕ್‌ಲ್ಯಾಂಡಲ್ಲಿ 1980ರಿಂದ ಬಾಡಿಗೆ ನಿಯಂತ್ರಣ ಇದೆ. ಹಾಗಿದ್ರೂ ಬಾಡಿಗೆ ಯಾಕೆ ಏರ್ತು? 1995ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕಾಸ್ಟಾ ಹಾಕಿನ್ಸ್ ಅನ್ನೋ ಕಾಯ್ದೆ ತಂತು, ಅದರ ಪ್ರಕಾರ ಹಳೇ ಬಾಡಿಗೆದಾರ ತಾನಾಗಿ ಬಿಟ್ಟು ಹೋದ್ರೆ ಹೊಸಬನಿಗೆ ಓನರ್ ಎಷ್ಟು ಬೇಕಾದ್ರೂ ಬಾಡಿಗೆ ಹೇಳಬಹುದು, ಒಂಟಿ ಮನೆಗಳಿಗೆ ನಿಯಂತ್ರಣವೇ ಇಲ್ಲ, ಓಕ್‌ಲ್ಯಾಂಡಲ್ಲಿ 1983ರಿಂದ ಈಚೆಗೆ ಕಟ್ಟಿದ ಬಿಲ್ಡಿಂಗುಗಳಿಗೂ ಇಲ್ಲ. ಈಗ ಓನರ್ ಜಾಗದಲ್ಲಿ ನಿಂತು ಯೋಚ್ನೆ ಮಾಡಿ. ಇಪ್ಪತ್ತು ವರ್ಷದಿಂದ ಇರೋ ಕುಟುಂಬ ಕಡಿಮೆ ಬಾಡಿಗೆ ಕೊಡ್ತಿದೆ, ಅವರು ಹೋದ್ರೆ ನಾಳೆನೇ ಎರಡರಷ್ಟು ಬರತ್ತೆ. ನಲ್ಲಿ ರಿಪೇರಿ ಮಾಡ್ಸೋಕೆ, ಹೀಟರ್ ಸರಿ ಮಾಡ್ಸೋಕೆ ಮನಸ್ಸು ಬರತ್ತಾ? ಒಂದಷ್ಟು ದುಡ್ಡು ಕೊಟ್ಟು ಖಾಲಿ ಮಾಡಿ ಅನ್ನೋದು, ಕಿರಿಕಿರಿ ಮಾಡಿ ಅವರೇ ಬೇಜಾರಾಗಿ ಹೋಗೋ ಹಂಗೆ ಮಾಡೋದು, ಇದೆಲ್ಲಾ ಹುಟ್ಟೋದೇ ಇಲ್ಲಿಂದ. ಬ್ಲೈಂಡ್‌ಸ್ಪಾಟಿಂಗ್ ಬಂದ ಅದೇ 2018ರ ನವೆಂಬರಲ್ಲಿ ಈ ಕಾಯ್ದೆ ತೆಗೀಬೇಕಾ ಬೇಡ್ವಾ ಅಂತ ರಾಜ್ಯದಲ್ಲಿ ಓಟಿಗೆ ಹಾಕಿದ್ರು, ತೆಗೆಯೋದು ಬೇಡ ಅಂತ ಜನ ಹೇಳಿದ್ರು.

ಲೆಕ್ಕ ನೋಡಿದ್ರೆ, 1980ರಲ್ಲಿ ಓಕ್‌ಲ್ಯಾಂಡಿನ ಜನಸಂಖ್ಯೆಯಲ್ಲಿ ಶೇ. 47 ಕಪ್ಪು ಜನ. 2010ಕ್ಕೆ ಶೇ. 28. 2020ರ ಜನಗಣತಿ ಹೊತ್ತಿಗೆ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹೋದೋರು ಎಲ್ಲಿಗೆ ಹೋದ್ರು ಅಂದ್ರೆ ಆಂಟಿಯಾಕ್, ವ್ಯಾಲೆಹೋ, ಸ್ಟಾಕ್ಟನ್, ಇನ್ನೂ ಆಚೆ, ಕೆಲಸ ಮಾತ್ರ ಇಲ್ಲೇ, ದಿನಾ ಗಂಟೆಗಟ್ಟಲೆ ಹೈವೇಲಿ.

ಇಷ್ಟೆಲ್ಲಾ ಇತಿಹಾಸನ ಸಿನಿಮಾ ಒಂದು ಲೆಕ್ಚರೂ ಇಲ್ದೆ ತರತ್ತೆ, ಅದೇ ಅದರ ಗಮ್ಮತ್ತು. ಶುರುವಲ್ಲೇ ಸ್ಕ್ರೀನ್ ಎರಡು ಭಾಗ, ಹಳೇ ಊರು ಹೊಸ ಊರು ಅಕ್ಕಪಕ್ಕ, ಹಿಂದೆ ವೆರ್ಡಿಯ ಒಪೆರಾ ಹಾಡು, ಪಾರ್ಟಿ ಹಾಡು ಅದು, ಗ್ಲಾಸ್ ಎತ್ತಿ ಕುಡಿಯೋಣ ಬನ್ನಿ ಅನ್ನೋದು. ಬೀದಿ ಮೂಲೆ ಅಂಗಡಿಯಲ್ಲಿ ಈಗ 10 ಡಾಲರಿನ ಹಸಿರು ಜ್ಯೂಸ್ ಬಂದಿದೆ. ಕಾಲಿನ್ ಅದನ್ನ ತಗೊಳ್ತಾನೆ, ಆರೋಗ್ಯ ಸರಿ ಮಾಡ್ಕೊ ಅಂತ ಅವನ ಮಾಜಿ ಗರ್ಲ್‌ಫ್ರೆಂಡ್ ವ್ಯಾಲ್ ಹೇಳಿರ್ತಾಳೆ, ಮೈಲ್ಸ್ ಅದನ್ನ ನೋಡಿ ಉರಿದು ಹೋಗ್ತಾನೆ. ಅವರು ಚಿಕ್ಕಂದಿನಿಂದ ತಿಂತಿದ್ದ ಬರ್ಗರ್ ಅಂಗಡೀಲಿ ಈಗ ಬರ್ಗರ್ ಕೇಳಿದ್ರೆ ವೀಗನ್ ಬರ್ಗರ್ ಕೊಡ್ತಾರೆ, ಮಾಂಸದ್ದು ಬೇಕಂದ್ರೆ ಬಾಯಿ ಬಿಟ್ಟು ಹೇಳ್ಬೇಕು. ನಮ್ಮ ಸಸ್ಯಾಹಾರಿ ಓದುಗರು ಇದ್ರಲ್ಲಿ ಏನು ತಪ್ಪು ಅನ್ನಬಹುದು. ತಪ್ಪು ತಿಂಡಿದಲ್ಲ ಸ್ವಾಮಿ, ಹೇಳದೇ ಇದ್ರೂ ಕೊಡೋದು ಯಾರಿಗೆ ಬೇಕಾಗಿದ್ದು ಅನ್ನೋದು ಬದಲಾಗಿದೆ ಅನ್ನೋದು ಜೋಕು.

ಅವರಿಗೆ ಕೊಟ್ಟಿರೋ ಕೆಲಸ ನೋಡಿ, ಅದನ್ನ ಆರಿಸಿದ ತಲೆಗೆ ಸಲಾಂ. ಮನೆ ಸಾಮಾನು ಸಾಗಿಸೋ ಹುಡುಗರು. ಊರು ಬದಲಾಗೋದನ್ನ ಇವರಿಗಿಂತ ಹತ್ತಿರದಿಂದ ನೋಡೋರು ಯಾರಿದ್ದಾರೆ? ಯಾರು ಹೋಗ್ತಿದ್ದಾರೆ ಯಾರು ಬರ್ತಿದ್ದಾರೆ ಅಂತ ಅವರ ಬೆನ್ನಿಗೇ ಗೊತ್ತು, ಅವರ ಸಂಬಳ ಬರೋದೇ ಆ ಬದಲಾವಣೆಯಿಂದ. ಒಬ್ಬ ಫೋಟೋಗ್ರಾಫರ್ ಮನೆಗೆ ಹೋಗ್ತಾರೆ, ಅವನು ಇಬ್ಬರನ್ನೂ ಎದುರು ಬದುರು ನಿಲ್ಲಿಸಿ ಮಾತಾಡ್ದೆ ಒಬ್ಬರ ಕಣ್ಣು ಇನ್ನೊಬ್ಬರು ನೋಡಿ ಅಂತಾನೆ. ಮೊದಲು ಇಬ್ಬರಿಗೂ ನಗು ಬರತ್ತೆ. ಆಮೇಲೆ ನಗು ನಿಲ್ಲತ್ತೆ. ಇಡೀ ಸಿನಿಮಾದ ಜಗಳ ಬರೋಕೆ ಮುಂಚೆನೇ ಆ ಒಂದು ನಿಮಿಷದಲ್ಲಿ ಬಂದು ಹೋಗತ್ತೆ.

ಕಾಲಿನ್ ಯಾಕೆ ಜೈಲಿಗೆ ಹೋಗಿದ್ದ ಅನ್ನೋದನ್ನ ಸಿನಿಮಾ ತುಂಬಾ ಹೊತ್ತು ಮುಚ್ಚಿಡತ್ತೆ. ಅದು ಹೊರಗೆ ಬರೋದು ರಿನ್ ಅನ್ನೋ ಪಾತ್ರದ ಬಾಯಿಂದ, ಆ ಪಾತ್ರ ಮಾಡಿರೋದು ಭಾರತೀಯ ಮೂಲದ ಉತ್ಕರ್ಷ್ ಅಂಬುಡ್ಕರ್, ವ್ಯಾಲ್ ಆಗಿರೋ ಜನೀನಾ ಗವಾಂಕರ್ ಕೂಡ ಭಾರತೀಯ ಮೂಲದವ್ರೇ. ರಿನ್ ಆ ಘಟನೆಯನ್ನ ಒಂದು ಮಜಾ ಕಥೆ ಥರ ಹೇಳ್ತಾನೆ: ಬಾರಲ್ಲಿ ಬೌನ್ಸರ್ ಆಗಿದ್ದ ಕಾಲಿನ್, ಬೆಂಕಿ ಹಚ್ಚಿದ ಕಾಕ್‌ಟೇಲ್ ಬಟ್ಲು ಹಿಡ್ಕೊಂಡು ಹೊರಗೆ ಬಂದ ಒಬ್ಬ ಬಿಳಿ ಹಿಪ್‌ಸ್ಟರ್ (ಹೊಸ ಫ್ಯಾಷನ್ನಿನ ಹಿಂದೆ ಬಿದ್ದಿರೋ) ಹುಡುಗ, ಡ್ರಿಂಕ್ಸ್ ಹೊರಗೆ ತರಂಗಿಲ್ಲ ಅಂತ ಇವನು, ತರ್ತೀನಿ ಅಂತ ಅವನು, ಹೊಡೆದಾಟ, ಆ ಹುಡುಗನಿಗೆ ಬೆಂಕಿ. ರಿನ್ ಕೈಕಾಲು ಆಡಿಸ್ಕೊಂಡು ಹೇಳ್ತಾ ಇದ್ರೆ ನಾವು ಬಿದ್ದು ಬಿದ್ದು ನಗ್ತೀವಿ, ಆಮೇಲೆ ಅದೇ ದೃಶ್ಯ ನಿಜವಾಗ್ಲೂ ಎಷ್ಟು ಕ್ರೂರವಾಗಿತ್ತು ಅಂತ ಕಾಣತ್ತೆ, ನಗು ಅಲ್ಲೇ ಒಣಗತ್ತೆ. ಗಮನಿಸಬೇಕಾದ್ದು ಇನ್ನೊಂದಿದೆ. ಆ ಹೊಡೆದಾಟದಲ್ಲಿ ಮೈಲ್ಸೂ ಇದ್ದ, ಬಿದ್ದೋನಿಗೆ ಒದ್ದಿದ್ದೂ ಅವನೇ. ಶಿಕ್ಷೆ ಕಾಲಿನ್‌ಗೆ.

ಸಿನಿಮಾ ಹೆಸರು ಬರೋದು ವ್ಯಾಲ್ ಓದ್ತಿರೋ ಸೈಕಾಲಜಿ ಪಾಠದಿಂದ. ಎಡ್ಗರ್ ರೂಬಿನ್ ಅನ್ನೋ ಡೆನ್ಮಾರ್ಕಿನ ಮನಶ್ಶಾಸ್ತ್ರಜ್ಞನ ಚಿತ್ರ ನೀವೂ ನೋಡಿರ್ತೀರ, ಒಂದು ಥರ ನೋಡಿದ್ರೆ ಹೂದಾನಿ, ಇನ್ನೊಂದು ಥರ ನೋಡಿದ್ರೆ ಎದುರು ಬದುರು ಎರಡು ಮುಖ, ಎರಡೂ ಒಟ್ಟಿಗೆ ಕಾಣಲ್ಲ. ಇನ್ನೊಂದು ಚಿತ್ರ ಇದೆ ಅಂತ ಹೇಳ್ಕೊಟ್ಟ ಮೇಲೂ ಕಣ್ಣು ಮೊದಲು ಹೋಗೋದು ತನಗೆ ಮೊದಲು ಕಂಡಿದ್ದರ ಕಡೆಗೇ. ಅದನ್ನ ನೆನಪಿಟ್ಕೊಳ್ಳೋಕೆ ವ್ಯಾಲ್ ಬ್ಲೈಂಡ್‌ಸ್ಪಾಟಿಂಗ್ ಅಂತ ಹೆಸರಿಡ್ತಾಳೆ. ಕಾಲಿನ್ ಅವಳನ್ನ ಕೇಳ್ತಾನೆ, ನನ್ನ ನೋಡಿದ್ರೆ ನಿಂಗೆ ಮೊದಲು ಕಾಣೋದು ಆ ಹೊಡೆದಾಟನೇನಾ ಅಂತ. ಅವಳು ಸುಳ್ಳು ಹೇಳಲ್ಲ. ವ್ಯಾಲ್ ಕೆಟ್ಟವಳಲ್ಲ, ಇವನ ಒಳ್ಳೇದನ್ನೇ ಬಯಸೋಳು, ಅವಳಿಗೇ ಹಿಂಗೆ ಕಂಡ್ರೆ ರಾತ್ರಿ ಹೊತ್ತು ಗನ್ ಹಿಡ್ಕೊಂಡು ನಿಂತಿರೋ ಪೊಲೀಸಿಗೆ ಅವನು ಏನಾಗಿ ಕಾಣ್ತಾನೆ, ಪಕ್ಕದ ಫ್ಲಾಟಿಗೆ ನಿನ್ನೆ ಬಂದೋರಿಗೆ ಏನಾಗಿ ಕಾಣ್ತಾನೆ?

ಈಗ ಮೈಲ್ಸ್ ಕಥೆಗೆ ಬರೋಣ, ನನಗೆ ಸಿನಿಮಾದಲ್ಲಿ ಜಾಸ್ತಿ ತಲೆ ಕೆಡಿಸಿದ್ದು ಇವನು. ಮೈಲ್ಸ್ ಬಿಳಿಯ, ಆದ್ರೆ ಹುಟ್ಟಿ ಬೆಳೆದಿದ್ದು ಇದೇ ಏರಿಯಾದಲ್ಲಿ, ಹೆಂಡ್ತಿ ಥರ ಜೊತೆಗಿರೋ ಆಶ್ಲಿ ಕಪ್ಪು ಹೆಣ್ಮಗಳು, ಮಗ ಶಾನ್. ಮಾತು, ನಡೆ, ಬಟ್ಟೆ, ಹಲ್ಲಿನ ಮೇಲಿನ ಲೋಹದ ಗ್ರಿಲ್, ಎಲ್ಲಾ ಓಕ್‌ಲ್ಯಾಂಡ್. ನಟನೆ ಅಲ್ಲ, ಅವನಿರೋದೇ ಹಂಗೆ. ಊರಿಗೆ ಹೊಸಬರು ಬರೋಕೆ ಮುಂಚೆ ಇದನ್ನ ಯಾರೂ ಪ್ರಶ್ನೆ ಮಾಡ್ತಿರ್ಲಿಲ್ಲ, ಎಲ್ಲರಿಗೂ ಎಲ್ಲರೂ ಗೊತ್ತು. ಹೊಸ ಓಕ್‌ಲ್ಯಾಂಡಲ್ಲಿ ಅವನನ್ನ ನೋಡಿದೋರಿಗೆ ಎರಡೇ ಥರ ಕಾಣತ್ತೆ: ಒಂದು ಇವನೂ ಹೊಸದಾಗಿ ಬಂದ ಬಿಳಿ ಹಿಪ್‌ಸ್ಟರ್, ಇಲ್ಲಾ ಕಪ್ಪು ಹುಡುಗರ ಥರ ವೇಷ ಹಾಕಿರೋ ನಾಟಕದೋನು. ಒಬ್ಬ ಟೆಕ್ಕಿ ಮನೆ ಪಾರ್ಟಿಗೆ ಹೋದಾಗ ಹಿಂಗೇ ಆಗತ್ತೆ, ಅಲ್ಲಿದ್ದ ಒಬ್ಬ ಕಪ್ಪು ಅತಿಥಿ, ಅವನೂ ಊರಿಗೆ ಹೊಸಬ, ನೀನು ಇಷ್ಟೆಲ್ಲಾ ಬೀದಿ ಹುಡುಗನ ಥರ ಆಡೋ ಅಗತ್ಯ ಇಲ್ಲ ಅನ್ನೋ ಧಾಟೀಲಿ ಮೈಲ್ಸ್‌ಗೆ ಬುದ್ಧಿ ಹೇಳ್ತಾನೆ. ಮೈಲ್ಸ್ ಅವನಿಗೆ ಚಚ್ತಾನೆ, ಗನ್ನೂ ಹೊರಗೆ ಬರತ್ತೆ.

ಅದಾದ್ಮೇಲೆ ರೋಡಲ್ಲಿ ಗೆಳೆಯರ ಜಗಳ. ಸಿನಿಮಾದ ಜೀವ ಇರೋದು ಇಲ್ಲೇ. ಕಾಲಿನ್ ಮಾತಿನ ಸಾರ ಇಷ್ಟು: ನೀನು ಗನ್ ಹಿಡಿದು ಕುಣೀತೀಯ, ಪೊಲೀಸ್ ಬಂದ್ರೆ ಸಾಯೋದು ನಾನು, ನಿನ್ನನ್ನ ಅವರು ನೋಡೋದೂ ಇಲ್ಲ. ಇಷ್ಟು ವರ್ಷ ಕಾಲಿನ್ ಮೈಲ್ಸ್‌ನ ಎನ್ ಪದದಿಂದನೇ, ಅಂದ್ರೆ ಕಪ್ಪು ಜನರನ್ನ ಹೀಯಾಳಿಸೋ ಬೈಗುಳದಿಂದನೇ, ಕರೀತಿದ್ದ, ಮೈಲ್ಸ್ ಒಂದು ಸಲನೂ ಕಾಲಿನ್‌ಗೆ ಆ ಪದ ಬಳಸಿಲ್ಲ. ಈಗ ನೀನೂ ಹೇಳು ನೋಡೋಣ ಅಂತ ಕಾಲಿನ್ ಪೀಡಿಸ್ತಾನೆ, ಮೈಲ್ಸ್‌ಗೆ ಆಗಲ್ಲ. ಇಬ್ಬರಿಗೂ ಗೊತ್ತಿತ್ತು, ನಡುವೆ ಒಂದು ಗೆರೆ ಇದೆ ಅಂತ, ಊರು ಹಳೇ ಊರಾಗಿದ್ದಾಗ ಅದನ್ನ ನೋಡದೇ ಬದುಕಬಹುದಿತ್ತು. ಮೈಲ್ಸ್ ಕಳ್ಕೊಳ್ತಿರೋದು ನಾನು ಇಲ್ಲಿಯವನು ಅನ್ನೋ ಗುರುತನ್ನ, ಅದು ಸಣ್ಣದಲ್ಲ. ಕಾಲಿನ್‌ಗೆ ಅದರ ಜೊತೆಗೆ ಜೀವಾನೇ ಹೋಗಬಹುದು. ಮೈಲ್ಸ್ ಹೊಸ ಊರಿನವರ ಥರ ಕಾಣ್ತಾನೆ ಅನ್ನೋದು ಅವನಿಗೆ ಅವಮಾನ, ಅದೇ ಅವನಿಗೆ ರಕ್ಷಣೆನೂ.

ಇದು ಬರೀ ಸಿನಿಮಾ ಕಲ್ಪನೆ ಅಂದ್ಕೋಬೇಡಿ. ಸಿನಿಮಾ ಥಿಯೇಟರಿಗೆ ಬರೋಕೆ ಮೂರು ತಿಂಗಳ ಮುಂಚೆ, 2018ರ ಏಪ್ರಿಲಲ್ಲಿ, ಓಕ್‌ಲ್ಯಾಂಡ್ ನಡುವಿರೋ ಲೇಕ್ ಮೆರಿಟ್ ದಡದಲ್ಲಿ ಕೆಲವು ಕಪ್ಪು ಜನ ಇದ್ದಿಲು ಒಲೆ ಹಾಕ್ಕೊಂಡು ಬಾರ್ಬೆಕ್ಯೂ ಮಾಡ್ತಿದ್ರು. ಒಬ್ಬ ಬಿಳಿ ಹೆಂಗಸು ಬಂದು ಈ ಜಾಗದಲ್ಲಿ ಇದ್ದಿಲು ಒಲೆಗೆ ಅನುಮತಿ ಇಲ್ಲ ಅಂತ ತಗಾದೆ ತೆಗೆದು ಪೊಲೀಸಿಗೆ ಫೋನ್ ಮಾಡಿದ್ಲು, ವಿಡಿಯೋ ದೇಶಪೂರ್ತಿ ಹರಿದಾಡ್ತು. ಮುಂದಿನ ತಿಂಗಳು ನೂರಾರು ಜನ ಒಲೆ, ಮಾಂಸ, ಸ್ಪೀಕರ್ ತಗೊಂಡು ಅದೇ ಕೆರೆ ದಡಕ್ಕೆ ಬಂದು ದೊಡ್ಡ ಬಾರ್ಬೆಕ್ಯೂ ಹಬ್ಬನೇ ಮಾಡಿದ್ರು, ಅದು ಆಮೇಲೂ ಮುಂದುವರೀತು. ಊರಿನ ನಡುವಿನ ಕೆರೆ ದಡದಲ್ಲಿ ಒಲೆ ಹಚ್ಚಿದ್ದಕ್ಕೆ ಪೊಲೀಸ್ ಬರೋ ಪರಿಸ್ಥಿತಿ. ಹೊಸಬರು ಪೊಲೀಸಿಗೆ ಫೋನ್ ಮಾಡೋವಾಗ ರೂಲ್ಸ್ ಬಗ್ಗೆ ಯೋಚ್ನೆ ಮಾಡ್ತಿರ್ತಾರೆ, ಹಳಬರಿಗೆ ನೆನಪಾಗೋದು ಆಸ್ಕರ್ ಗ್ರಾಂಟ್. 2009ರ ಹೊಸ ವರ್ಷದ ದಿನ ಬೆಳಗಿನ ಜಾವ, ಇದೇ ಊರಿನ ಫ್ರೂಟ್‌ವೇಲ್ ಬಾರ್ಟ್ ಸ್ಟೇಷನ್ ಪ್ಲಾಟ್‌ಫಾರಂ ಮೇಲೆ ಬೋರಲು ಮಲಗಿಸಿದ್ದ 22 ವರ್ಷದ ಗ್ರಾಂಟ್‌ಗೆ ಬಾರ್ಟ್ ಪೊಲೀಸ್ ಬೆನ್ನಿಗೆ ಗುಂಡು ಹೊಡೆದ, ರೈಲಲ್ಲಿದ್ದೋರು ಫೋನಲ್ಲಿ ವಿಡಿಯೋ ಮಾಡಿದ್ರು. ಕರೆಂಟ್ ಶಾಕ್ ಕೊಡೋ ಟೇಸರ್ ಅಂದ್ಕೊಂಡು ಗನ್ ತೆಗೆದೆ ಅಂತ ಆ ಅಧಿಕಾರಿ ವಾದ ಮಾಡಿದ, ಕೋರ್ಟಲ್ಲಿ ಉದ್ದೇಶ ಇಲ್ಲದ ನರಹತ್ಯೆ ಅಂತ ತೀರ್ಪಾಗಿ ಎರಡು ವರ್ಷ ಶಿಕ್ಷೆ ಸಿಕ್ತು. ಡಿಗ್ಸ್, ಕಸಾಲ್ ಈ ಸ್ಕ್ರಿಪ್ಟ್ ಬರೆಯೋಕೆ ಶುರು ಮಾಡಿದ್ದೂ ಆ ಕಾಲದಲ್ಲೇ, ತೆರೆಗೆ ಬರೋಕೆ ಸುಮಾರು ಹತ್ತು ವರ್ಷ ಹಿಡೀತು.

ಒಂದು ಮಾತು ಬದಿಗಿಟ್ಟು ಹೇಳ್ತೀನಿ. ಇದನ್ನ ಓದ್ತಿರೋ ಎಷ್ಟೋ ಕನ್ನಡಿಗರು ಅದೇ ಕೊಲ್ಲಿ ಸುತ್ತ, ಫ್ರೀಮಾಂಟಲ್ಲೋ ಸನ್ನಿವೇಲಲ್ಲೋ ಇದ್ದೀರ, ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಿಂದ ಇದೆ. ಆ ಟೆಕ್ಕಿ ಪಾರ್ಟಿ ದೃಶ್ಯ ನೋಡೋವಾಗ ನಮ್ಮಲ್ಲಿ ಬಹಳ ಜನಕ್ಕೆ ಒಂಥರಾ ಇರುಸುಮುರುಸು ಆಗತ್ತೆ, ಆಗ್ಬೇಕು ಕೂಡ, ಯಾಕಂದ್ರೆ ನಾವು ಕಪ್ಪು ಬಿಳುಪು ಜಗಳದ ಹೊರಗಿದ್ದೀವಿ ಅಂದ್ಕೊಂಡಿರ್ತೀವಿ, ಬಾಡಿಗೆ ಲೆಕ್ಕದಲ್ಲಿ ಮಾತ್ರ ನಮ್ಮ ಸಂಬಳ ಆ ಪಾರ್ಟಿ ಮನೆ ಕಡೆಗೇ ನಿಲ್ಲತ್ತೆ. ನಾವು ಬಂದಿದ್ದು ತಪ್ಪು ಅಂತ ಅಲ್ಲ, ಕೆಲಸ ಇರೋ ಕಡೆ ಜನ ಹೋಗ್ತಾರೆ, ಹಡಗಿನ ಯಾರ್ಡಿಗೆ ಬಂದೋರೂ ಹಂಗೇ ಬಂದಿದ್ದು. ಬಂದ ಮೇಲೆ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಯಾರೋ ಅನುಮಾನಾಸ್ಪದ ವ್ಯಕ್ತಿ ಓಡಾಡ್ತಿದ್ದಾನೆ ಅಂತ ಮೆಸೇಜ್ ಹಾಕೋಕೆ ಮುಂಚೆ ಎರಡು ಸಲ ನೋಡಿದ್ರೆ ಒಳ್ಳೇದು.

ಸಿನಿಮಾದ ಭಾಷೆ ಬಗ್ಗೆ ಹೇಳ್ಬೇಕು. ಕಂಪನಿ ನಾಟಕದಲ್ಲಿ ಮಾತಾಡ್ತಾ ಇದ್ದೋರು ಹಂಗೇ ಹಾಡಿಗೆ ಇಳಿಯೋ ಥರ ಇಲ್ಲಿ ಮಾತು ಪ್ರಾಸಕ್ಕೆ ಇಳಿಯತ್ತೆ, ಡಿಗ್ಸ್ ರ‍್ಯಾಪರ್, ಕಸಾಲ್ ಸ್ಪೋಕನ್ ವರ್ಡ್ ಕವಿ, ಇಬ್ಬರಿಗೂ ಅದು ಸಲೀಸು. ಮೈಲ್ಸ್ ಒಂದು ಹಳೇ ದೋಣಿ ಮಾರೋಕೆ ಮಾಡೋ ಮಾತಿನ ಮಳೆ ಕೇಳಿದ್ರೆ ಕೊಳ್ಳೋನ ಜೇಬಿಂದ ದುಡ್ಡು ತಾನಾಗೇ ಬರ್ಬೇಕು. ಕಾಲಿನ್ ಸಿನಿಮಾಪೂರ್ತಿ ಸಣ್ಣ ಸಣ್ಣ ಪ್ರಾಸ ಕಟ್ತಾ ಇರ್ತಾನೆ. ಕೊನೇಲಿ, ಕ್ಲೈಮ್ಯಾಕ್ಸ್ ಗೊತ್ತಾಗೋದು ಬೇಡ ಅನ್ನೋರು ಈ ಪ್ಯಾರಾ ಬಿಟ್ಟುಬಿಡಿ, ಒಂದು ಮನೆ ಖಾಲಿ ಮಾಡ್ಸೋಕೆ ಹೋದ್ರೆ ಅದು ಆ ಗುಂಡು ಹೊಡೆದ ಪೊಲೀಸ್ ಮನೆನೇ. ಕಾಲಿನ್ ಅವನ ಮುಂದೆ ಗನ್ ಹಿಡಿದು ನಿಂತು ರ‍್ಯಾಪ್ ಮಾಡ್ತಾನೆ, ಹೊಡೆಯಲ್ಲ. ಇಷ್ಟು ದೊಡ್ಡ ಊರಲ್ಲಿ ಅದೇ ಮನೆ ಸಿಗಬೇಕಾ ಅಂತ ನನಗೂ ಅನ್ನಿಸ್ತು, ಕಥೆ ಅಲ್ಲಿ ಸ್ವಲ್ಪ ಎಳೆದು ಕೂರಿಸಿದಂಗಿದೆ. ಆದ್ರೆ ರ‍್ಯಾಪ್ ಆಯ್ಕೆ ಸರಿ. ಸಾಕ್ಷಿ ಹೇಳೋಕಾಗದೇ ಮೂರು ದಿನ ಬಾಯಿ ಕಟ್ಕೊಂಡಿದ್ದೋನು ಅವನು, ಅದಕ್ಕೆ ಮಾಮೂಲಿ ಡೈಲಾಗ್ ಸಾಕಾಗಲ್ಲ.

ನನ್ನ ನಿಜವಾದ ತಕರಾರು ಬೇರೆ. ಇಡೀ ಸಿನಿಮಾದಲ್ಲಿ ಮನೆ ಓನರ್ ಇಲ್ಲ, ಬ್ಯಾಂಕಿಲ್ಲ, ಇನ್ವೆಸ್ಟರ್ ಇಲ್ಲ. ಬೈಗುಳ ತಿನ್ನೋದೆಲ್ಲಾ ಗಡ್ಡ ಬಿಟ್ಟ ಹಿಪ್‌ಸ್ಟರ್‌ಗಳು, ಜ್ಯೂಸು, ವೀಗನ್ ಬರ್ಗರು. ಕಾಮಿಡಿಗೆ ಅವರು ಸುಲಭದ ಗುರಿ, ಒಪ್ಕೊಳ್ತೀನಿ, ಆದ್ರೆ 10 ಡಾಲರ್ ಜ್ಯೂಸ್ ಕುಡಿಯೋನು ಯಾರನ್ನೂ ಮನೆಯಿಂದ ಹೊರಗೆ ಹಾಕಲ್ಲ. ಸಿನಿಮಾ ಬಂದ ಮರುವರ್ಷ ಓಕ್‌ಲ್ಯಾಂಡಲ್ಲೇ ನಡೆದ ಒಂದು ಘಟನೆಯಲ್ಲಿ ಸಿನಿಮಾ ಬಿಟ್ಟಿದ್ದ ಆ ಪಾತ್ರಗಳೆಲ್ಲಾ ಕಾಣಿಸ್ಕೊಂಡ್ವು. 2019ರ ನವೆಂಬರಲ್ಲಿ ಮನೆ ಇಲ್ಲದ ಕೆಲವು ಕಪ್ಪು ತಾಯಂದ್ರು ಮಕ್ಕಳ ಜೊತೆ ವೆಸ್ಟ್ ಓಕ್‌ಲ್ಯಾಂಡಿನ ಮ್ಯಾಗ್ನೋಲಿಯಾ ಸ್ಟ್ರೀಟಲ್ಲಿ ಖಾಲಿ ಬಿದ್ದಿದ್ದ ಒಂದು ಮನೆ ಒಳಗೆ ಹೋಗಿ ಇರೋಕೆ ಶುರು ಮಾಡಿದ್ರು, ತಮ್ಮನ್ನ ಮಾಮ್ಸ್ ಫಾರ್ ಹೌಸಿಂಗ್ ಅಂತ ಕರ್ಕೊಂಡ್ರು. ಆ ಮನೆ ವೆಡ್ಜ್‌ವುಡ್ ಅನ್ನೋ ರಿಯಲ್ ಎಸ್ಟೇಟ್ ಕಂಪನಿದು, ಮನೆ ತಗೊಂಡು ರಿಪೇರಿ ಮಾಡಿ ಮಾರೋ ವ್ಯವಹಾರ. ಕೇಸು ಕೋರ್ಟಿಗೆ ಹೋಗಿ, 2020ರ ಜನವರಿಯಲ್ಲಿ ಬೆಳಕು ಹರಿಯೋಕೆ ಮುಂಚೆ ಶೆರಿಫ್ ಇಲಾಖೆಯವ್ರು ಆಯುಧ ಹಿಡ್ಕೊಂಡು ಬಂದು ಅವರನ್ನ ಖಾಲಿ ಮಾಡಿಸಿದ್ರು. ಗಲಾಟೆ ದೊಡ್ಡದಾದ್ಮೇಲೆ ಕಂಪನಿ ಮಾತುಕತೆಗೆ ಬಂತು, ಕೊನೆಗೆ ಮನೆಯನ್ನ ಓಕ್‌ಲ್ಯಾಂಡ್ ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ ಕೊಂಡ್ಕೊಳ್ತು. ಲ್ಯಾಂಡ್ ಟ್ರಸ್ಟ್ ಅಂದ್ರೆ ಜಮೀನು ಟ್ರಸ್ಟ್ ಹೆಸರಲ್ಲೇ ಉಳಿಯತ್ತೆ, ಮೇಲಿನ ಮನೆ ಕೈಗೆಟುಕೋ ರೇಟಲ್ಲಿ ಜನಕ್ಕೆ ಸಿಗತ್ತೆ, ಮಾರ್ಕೆಟ್ ಏರಿದ್ರೂ ಅದನ್ನ ಮಾರಿ ಲಾಭ ಹೊಡೆಯೋಕಾಗಲ್ಲ. ಇದೇ 2019ರಲ್ಲಿ ರಾಜ್ಯ ಸರ್ಕಾರ ಇನ್ನೊಂದು ಕಾಯ್ದೆ ಮಾಡಿ ಬಹಳಷ್ಟು ಹಳೇ ಬಿಲ್ಡಿಂಗುಗಳಲ್ಲಿ ವರ್ಷಕ್ಕೆ ಶೇ. 5 ಜೊತೆಗೆ ಬೆಲೆ ಏರಿಕೆ ಸೇರಿಸಿ, ಏನೇ ಆದ್ರೂ ಶೇ. 10 ಮೀರದಂಗೆ ಬಾಡಿಗೆ ಏರಿಸ್ಬೇಕು ಅಂತ ಮಿತಿ ಹಾಕ್ತು. ಒಂದೇ ವರ್ಷಕ್ಕೆ ಶೇ. 10 ಅಂದ್ರೂ ಸಂಬಳದೋರಿಗೆ ಕಮ್ಮಿ ಏನಲ್ಲ.

ಸಿನಿಮಾ ಇಷ್ಟ ಆದೋರು ಅದೇ ಹೆಸರಿನ ಸೀರೀಸೂ ನೋಡಬಹುದು, ಸ್ಟಾರ್ಜ್‌ ಚಾನೆಲ್ಲಲ್ಲಿ 2021ರಿಂದ 2023ರ ತನಕ ಎರಡು ಸೀಸನ್ ಬಂತು. ಅದರಲ್ಲಿ ಕಥೆ ಆಶ್ಲಿದು, ಜಾಸ್ಮಿನ್ ಸೆಫಸ್ ಜೋನ್ಸ್ ಮಾಡಿರೋ ಪಾತ್ರ, ಸಿನಿಮಾದಲ್ಲಿ ಗನ್ ಮಗನ ಕೈಗೆ ಸಿಕ್ಕ ದಿನ ಮೈಲ್ಸ್‌ನ ಮನೆಯಿಂದ ಆಚೆ ಹಾಕಿದೋಳು. ಸೀರೀಸ್ ಶುರುವಲ್ಲೇ ಮೈಲ್ಸ್ ಅರೆಸ್ಟ್ ಆಗ್ತಾನೆ, ಈ ಸಲ ಒಳಗೆ ಹೋಗೋದು ಅವನೇ, ಬಾಡಿಗೆ ಕಟ್ಟೋಕಾಗದೇ ಆಶ್ಲಿ ಮಗನ್ನ ಕರ್ಕೊಂಡು ಅತ್ತೆ ಮನೆ ಸೇರ್ತಾಳೆ, ಅತ್ತೆ ಆಗಿರೋದು ಹೆಲೆನ್ ಹಂಟ್, ಆ ಮನೇಲಿ ಮೈಲ್ಸ್‌ನ ತಂಗಿನೂ ಇದ್ದಾಳೆ, ಜಾಗ ಸಾಲದೇ ದಿನಾ ಕಿತ್ತಾಟ.